‘ದಿ’ ಬೇಕಾದ ಕಡೆ, ಬೇಡದ ಕಡೆ

ಶಾಂಭವಿಯ ಅರ್ಜಿ ವಾಪಸ್ಸು ಬಂದಾಗ ಅದರ ಮೈತುಂಬ ಕೆಂಪು ಗೆರೆ. ‘ಐ ವರ್ಕ್ ಇನ್ ದಿ ಡಿಸ್ಪ್ಯಾಚ್’ ಎಂಬಲ್ಲಿ ‘ದಿ’ಯನ್ನು ಹೊಡೆದುಹಾಕಲಾಗಿತ್ತು. ‘ಪರ್ಚೇಸ್ ಡಿಪಾರ್ಟ್‌ಮೆಂಟ್’ ಮುಂದೆ, ಅವಳು ಬರೆಯದ ಹೊಸದೊಂದು ‘ದಿ’.

ಬೆಂಗಳೂರಿನ ಕೃಷ್ಣರಾಜಪುರದ ಒಂದು ಪಂಪ್ ಕಾರ್ಖಾನೆಯ ಡಿಸ್ಪ್ಯಾಚ್‌ನಲ್ಲಿ ರಾಯಚೂರಿನ ಶಾಂಭವಿ ಮೂರು ವರ್ಷದಿಂದ ಲಾರಿಗಳಿಗೆ ಮಾಲು ತುಂಬಿಸಿ ಕಳಿಸುತ್ತಿದ್ದಳು. ೧೯೯೮ರಲ್ಲಿ ಪರ್ಚೇಸ್‌ನಲ್ಲಿ ಅಸಿಸ್ಟೆಂಟ್ ಹುದ್ದೆ ಖಾಲಿಯಾಯಿತು. ಅರ್ಜಿ ಬರೆದು, ಮ್ಯಾನೇಜರಿಗೆ ಮುಟ್ಟಿಸಲೆಂದು ಅಲ್ಲಿನ ಕ್ಲರ್ಕ್ ಸುಗತನ ಕೈಗೆ ಕೊಟ್ಟಿದ್ದಳು. ತಿದ್ದಿ ಎಂದು ಹೇಳಿರಲಿಲ್ಲ.

ಸೀದಾ ಅವನ ಮೇಜಿಗೆ ಹೋದಳು.

“ಸಾಹೇಬ್ರಿಗೆ ಕೊಡ್ರಿ ಅಂದಿದ್ದೆ. ನಿಮಗ ಯಾರು ಮಾಸ್ತರಿಕಿ ಕೊಟ್ಟಾರ?”

ಸುಗತ ತಲೆ ಎತ್ತಿದ. ಸಿಟ್ಟಿಗೆ ನಡುಗುತ್ತಿದ್ದ ಅವಳ ಮೂಗುತಿಯ ಮೇಲೆ ಅವನ ಕಣ್ಣು ಒಂದು ಕ್ಷಣ ಹೆಚ್ಚೇ ನಿಂತಿತು. ಅವಳಿಗೆ ಅದೂ ಸಿಟ್ಟು ತರಿಸಿತು.

“ಡಿಪಾರ್ಟ್‌ಮೆಂಟ್ ಅಂತ ಸೇರಿಸಿದ್ರೆ ‘ದಿ’ ಬೇಕು ರೀ. ಬರೀ ಡಿಸ್ಪ್ಯಾಚ್ ಅಂದ್ರೆ ಬೇಡ,” ಎಂದ ಮೆಲ್ಲಗೆ. “ಹೋದ್ ವರ್ಷ ನನ್ನ ಲೆಟರ್‌ನ ಸಾಹೇಬ್ರು ಎಲ್ರ ಮುಂದೆ ಓದಿ ನಕ್ಕಿದ್ರು. ನಿಮಗೂ ಹಾಗಾಗ್ಬಾರ್ದು ಅಂತ.”

“ಆವಾಗ ನೀವೇನ್ ಮಾಡಿದ್ರಿ?”

“ನಾನೂ ನಕ್ಕೆ.”

ಅವನ ಮುಖ ನೋಡಲಾಗಲಿಲ್ಲ ಅವಳಿಗೆ. ಸಿಟ್ಟು ಅವನನ್ನು ಬಿಟ್ಟು ಮ್ಯಾನೇಜರ ಗಾಜಿನ ಕೋಣೆಯ ಕಡೆ ಹೊರಳಿತು. ಗೆರೆ ಬಿದ್ದ ಹಾಳೆಯನ್ನೇ ಹಿಡಿದು ಒಳಗೆ ನಡೆದಳು.

ಮ್ಯಾನೇಜರು ಓದಿ ನಕ್ಕರು. “ಇನ್ ದಿ ಡಿಸ್ಪ್ಯಾಚ್ ಅಂತೆ.”

“ಮೂರು ವರ್ಷದಾಗ ನನ್ನ ಕೈಯಿಂದ ಒಂದೂ ಪೆಟ್ಟಿಗಿ ತಪ್ಪು ಊರಿಗೆ ಹೋಗಿಲ್ಲ ಸರ್. ಅದನ್ನ ನೋಡ್ರಿ. ಆಮ್ಯಾಲ ನಗ್ರಿ.”

ಬೆನ್ನ ಹಿಂದಿನಿಂದ ಸುಗತನ ದನಿ ಕೇಳಿಸಿತು. ಅವನೂ ಬಾಗಿಲ ತನಕ ಬಂದಿದ್ದ.

“ಇದು ನಗೋ ವಿಷಯ ಅಲ್ಲ ಸರ್. ಹೋದ್ ವರ್ಷ ನನ್ನ ಲೆಟರೂ ಆಗಿರ್ಲಿಲ್ಲ.”

ನಗು ನಿಂತಿತು. ಹುದ್ದೆ ಮಾತ್ರ ವಾರದೊಳಗೆ ಬೇರೆಯವರ ಪಾಲಾಯಿತು.

ಅದು ಗೊತ್ತಾದ ದಿನ ಸಂಜೆ ಬಸ್‌ಸ್ಟಾಪಿನಲ್ಲಿ ಸುಗತ ಅವಳ ಪಕ್ಕ ಬಂದು ನಿಂತ.

“ನಾನು ಸುಮ್ನೆ ಇದ್ದಿದ್ರೆ ನಿಮಗೆ ಆ ಕೆಲಸ ಸಿಗ್ತಿತ್ತೇನೋ.”

“ನೀವು ಸುಮ್ಮನಿದ್ದಿದ್ರ ನಾ ನಿಮ್ಮ ಮುಖ ನೋಡ್ತಿರಲಿಲ್ಲ.”

“ನಿಮ್ಮನ್ನ ನೋಡಿ ಯಾರಾದ್ರೂ ನಕ್ರೆ ನನಗೆ ತಡ್ಕೊಳ್ಳೋಕಾಗಲ್ಲ,” ಎಂದ. “ನೀವು ಇಲ್ಲಿಗೆ ಸೇರಿದಾಗಿಂದ.”

ಶಾಂಭವಿ ಅವನ ಕಡೆ ತಿರುಗಿದಳು. ಕೆನ್ನೆ ಬಿಸಿಯಾಗಿತ್ತು, ಸಿಟ್ಟು ಇನ್ನೂ ಇಳಿದಿರಲಿಲ್ಲ.

“ಮೂರು ವರ್ಷ ಬಾಯಿ ಇರಲಿಲ್ಲೇನು ನಿಮಗ?” ಎಂದಳು. “ರವಿವಾರ ಮರ್ಫಿ ಟೌನಿಗೆ, ನಮ್ಮ ಮನಿಗೆ ಬರ್ರಿ. ಇದನ್ನ ನಮ್ಮವ್ವನ ಮುಂದ ಹೇಳ್ರಿ, ಕನ್ನಡದಾಗ.”

ಬಸ್ಸು ಬಂತು. ಸುಗತನ ಮನೆ ಇನ್ನೊಂದು ದಿಕ್ಕಿಗೆ. ಆದರೂ ಅವಳ ಹಿಂದೆಯೇ ಹತ್ತಿದ.