ಅಜ್ಜಿಯ ಹಲಗೆ ಮೇಲೆ ಹಾಫ್ ಟಿಕೆಟ್

"ಎಡಕ್ಕೆ ಅಜ್ಜಿ, ಎಡಕ್ಕೆ! ಬಂಡೆ ಬಂತು!"

"ಎಡಕ್ಕೇ ವಾಲಿದ್ದೀನಲ್ಲೇ!"

"ಅದು ಬಲ!"

ಟ್ಯಾಬ್ ಪರದೆಯ ಮೇಲಿನ ಪುಟ್ಟ ದೋಣಿ ಸೀದಾ ಹೋಗಿ ಬಂಡೆಗೆ ಗುದ್ದಿತು. ಟುಂಯ್ ಎಂದು ಸದ್ದಾಯಿತು. ಅಜ್ಜಿ ಎದುರಿಗಿದ್ದ ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದು ಹಲಗೆಯಿಂದ ಒಂದೊಂದೇ ಕಾಲನ್ನು ಕೆಳಗಿಟ್ಟಳು.

"ಎಷ್ಟು?"

"ನಲವತ್ತೊಂದು. ನಿನ್ನೆನೂ ನಲವತ್ತೊಂದೇ."

"ಇದನ್ನ ಮಾಡಿದವನಿಗೆ ದೋಣಿ ಬದಲು ಬಸ್ ಇಡೋಕೆ ಏನಾಗಿತ್ತು ಧಾಡಿ? ಓಡೋ ಬಸ್ಸಲ್ಲಿ ಕಂಬಿ ಹಿಡೀದೆ ಮೂವತ್ತೊಂದು ವರ್ಷ ನಿಂತವಳು ನಾನು. ದೋಣಿ ಅಂದ್ರೆ ನಂಗೇನು ಗೊತ್ತು!"

ಅಜ್ಜಿ ಬಸ್ ಕಂಡಕ್ಟರ್ ಆಗಿದ್ದವಳು. ಹಾಗಾಗಿಯೇ ಮೊಮ್ಮಗಳನ್ನು ಹುಟ್ಟಿದಾಗಿನಿಂದ 'ಹಾಫ್ ಟಿಕೆಟ್' ಎಂದು ಕರೆಯುತ್ತಿದ್ದಳು. ಈಗ ಹಾಫ್ ಟಿಕೆಟ್‌ಗೆ ಹತ್ತು ವರ್ಷ. ಶಾಲೆಯಲ್ಲಿ ಹಾಜರಿ ಕರೆಯುವಾಗ ಮಾತ್ರ ಅವಳಿಗೆ ತನ್ನ ನಿಜವಾದ ಹೆಸರು ನೆನಪಾಗುತ್ತಿತ್ತು.

ಎರಡು ತಿಂಗಳ ಹಿಂದೆ ಅಜ್ಜಿ ಅಡುಗೆಮನೆಯಲ್ಲಿ ಬಿದ್ದಳು. ಜಾರಲು ಅಲ್ಲಿ ನೀರೂ ಇರಲಿಲ್ಲ, ಎಣ್ಣೆಯೂ ಇರಲಿಲ್ಲ. ತಿರುಗಿದಳು, ಬಿದ್ದಳು, ಅಷ್ಟೇ. ಮಣಿಕಟ್ಟಿನ ಮೂಳೆ ಮುರಿಯಿತು. ಅದು ಕೂಡಿಕೊಂಡ ಮೇಲೆ ಆಸ್ಪತ್ರೆಯ ಫಿಸಿಯೋ ಮೇಡಂ, ಮತ್ತೆ ಬೀಳದಂತೆ ಕಾಲಿಗೆ ಅಭ್ಯಾಸವಾಗಲೆಂದು, ಈ ಹಲಗೆಯನ್ನು ಮನೆಗೆ ಕೊಟ್ಟು ಕಳಿಸಿದರು. ನೋಡಲು ತೂಕದ ಮೆಷಿನ್ ಥರ ಇತ್ತು. ಅದರ ಮೇಲೆ ನಿಂತು ಎಡಕ್ಕೆ ಬಲಕ್ಕೆ ವಾಲಿದರೆ ಪರದೆಯಲ್ಲಿ ದೋಣಿಯೂ ವಾಲುತ್ತಿತ್ತು. ಎಷ್ಟು ವಾಲಿದರು, ಎಷ್ಟು ತಡವರಿಸಿದರು ಎಂದು ಹಲಗೆ ತಾನೇ ಅಳೆದು, ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತಿತ್ತು. ವಾರಕ್ಕೊಮ್ಮೆ ಅದರ ಸರಾಸರಿ ಮೇಡಂ ಕಂಪ್ಯೂಟರಿಗೆ ಹೋಗುತ್ತಿತ್ತು.

ಸರಾಸರಿ ಅರವತ್ತು ದಾಟಿದರೆ ಅಜ್ಜಿ ಒಬ್ಬಳೇ ಮೆಟ್ಟಿಲು ಇಳಿಯಬಹುದು. ಮೇಡಂ ಹಾಗೆಂದು ಹೇಳಿದ್ದರು.

ಮನೆ ಇದ್ದದ್ದು ಮೂರನೇ ಮಹಡಿಯಲ್ಲಿ. ಲಿಫ್ಟ್ ಇರಲಿಲ್ಲ. ಎದುರು ರಸ್ತೆಯ ಬಸ್ ಸ್ಟಾಪಿನ ಬೆಂಚಿನ ಮೇಲೆ ದಿನಾ ನಾಲ್ಕೂವರೆಗೆ ರಿಟೈರ್ ಆದ ಇಬ್ಬರು ಡ್ರೈವರುಗಳೂ ಒಬ್ಬ ಚೆಕಿಂಗ್ ಆಫೀಸರೂ ಬಂದು ಕೂರುತ್ತಿದ್ದರು. ನಾಲ್ಕನೆಯ ಜಾಗ ಅಜ್ಜಿಯದು. ಎರಡು ತಿಂಗಳಿಂದ ಅದು ಖಾಲಿ ಇತ್ತು. ಅಜ್ಜಿ ಕಿಟಕಿಯಿಂದ ಅದನ್ನೇ ನೋಡುತ್ತಿದ್ದಳು.

"ಭಾನುವಾರ ನಾನು ಕರ್ಕೊಂಡು ಹೋಗ್ತೀನಮ್ಮ, ಕೈ ಹಿಡ್ಕೊಂಡು ನಿಧಾನಕ್ಕೆ ಇಳಿಯೋಣ" ಎಂದು ಅಮ್ಮ ಎಷ್ಟೋ ಸಲ ಹೇಳಿದ್ದಳು.

"ಬೇಡ. ಲಗೇಜ್ ಇಳಿಸಿದ ಹಾಗೆ ನನ್ನನ್ನ ಇಳಿಸೋದು, ಅವರೆಲ್ಲ ಬಾಯಿ ಬಿಟ್ಕೊಂಡು ನೋಡೋದು. ಬಂದ್ರೆ ನನ್ನ ಕಾಲ ಮೇಲೆ ನಾನೇ ಬರ್ತೀನಿ."

ಅಮ್ಮ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಮನೆಗೆ ಬರುವಾಗ ಏಳು ಗಂಟೆ. ಆದ್ದರಿಂದ ಹಲಗೆ ಹತ್ತುವಾಗ ಅಜ್ಜಿಯ ಹತ್ತಿರ ನಿಲ್ಲುವುದು ಹಾಫ್ ಟಿಕೆಟ್‌ನ ಕೆಲಸ. ಕನ್ನಡಕ ಹಾಕಿಕೊಂಡರೆ ಅಜ್ಜಿಗೆ ನೆಲ ಮೇಲೆ ಕೆಳಗೆ ಆದಂತೆ ಕಾಣುತ್ತಿತ್ತು. ಅದಕ್ಕೇ ಅದನ್ನು ತೆಗೆದಿಡುತ್ತಿದ್ದಳು, ಅಂಕವನ್ನು ಮೊಮ್ಮಗಳೇ ಓದಿ ಹೇಳಬೇಕಿತ್ತು.

ಆ ಬುಧವಾರ ನಲವತ್ತೊಂದು ತೆಗೆದು ಅಜ್ಜಿ ಒಳಗೆ ಹೋಗಿ ಮಲಗಿದಳು. ಹಾಫ್ ಟಿಕೆಟ್ ಹೋಮ್‌ವರ್ಕ್ ಪುಸ್ತಕ ತೆರೆದಳು, ಮುಚ್ಚಿದಳು. ಆಮೇಲೆ ಹಲಗೆ ಹತ್ತಿದಳು.

ದೋಣಿ ಬಂಡೆಗಳ ನಡುವೆ ಹಾವಿನ ಥರ ನುಸುಳಿತು. ತೊಂಬತ್ತೆರಡು! ಆಹಾ, ಎಂದು ಅವಳು ಕುಣಿದಳು. ಬೇರೆ ಯಾರಾದರೂ ಆಡುವುದಾದರೆ ಮೊದಲು 'ಗೆಸ್ಟ್' ಬಟನ್ ಒತ್ತಬೇಕು ಎಂದು ಮೇಡಂ ಹೇಳಿದ್ದು ಆಮೇಲೆ ನೆನಪಾಯಿತು. ನಾಲಿಗೆ ಕಚ್ಚಿಕೊಂಡಳು. ಅಳಿಸುವುದು ಹೇಗೆಂದು ಗೊತ್ತಾಗಲಿಲ್ಲ. ಟ್ಯಾಬನ್ನು ಸುಮ್ಮನೆ ಮೇಜಿನ ಮೇಲಿಟ್ಟಳು.

ಸಂಜೆ ಅಮ್ಮ ಬಂದವಳೇ ದಿನದಂತೆ ಟ್ಯಾಬ್ ನೋಡಿದಳು. ಮೇಲುಗಡೆ ದಪ್ಪಕ್ಷರದಲ್ಲಿ ಆ ವಾರದ ಸರಾಸರಿ ಮಾತ್ರ ಕಾಣುತ್ತಿತ್ತು.

"ಅಮ್ಮಾ! ಐವತ್ತಮೂರು ಬಂದಿದೆ!" ಎಂದು ಅಜ್ಜಿಯನ್ನು ಕೂಗಿದಳು.

"ಏನು, ಐವತ್ತಮೂರಾ? ನಂಗಾ?" ಅಜ್ಜಿ ಎದ್ದು ಕೂತಳು. "ಮತ್ತೆ ಈ ಹಾಫ್ ಟಿಕೆಟ್ ದಿನಾ ನಲವತ್ತು, ನಲವತ್ತು ಅಂತ ಹಾಡ್ತಾಳಲ್ಲೇ?"

ಇಬ್ಬರೂ ಅವಳ ಕಡೆ ತಿರುಗಿದರು. ಹೇಳಬೇಕಿದ್ದದ್ದು ಆಗಲೇ. ಆದರೆ ಅಜ್ಜಿಯ ಮುಖ ಇಷ್ಟಗಲ ಆಗಿತ್ತು. ಬಿದ್ದ ಮೇಲೆ ಅಂಥ ಮುಖವನ್ನು ಹಾಫ್ ಟಿಕೆಟ್ ನೋಡಿಯೇ ಇರಲಿಲ್ಲ.

"ಅದು... ಸರಾಸರಿ ಅಂದ್ರೆ ಬೇರೆ ಥರ ಲೆಕ್ಕ ಅಜ್ಜಿ. ನಮ್ಗೆ ಮುಂದಿನ ಟರ್ಮಲ್ಲಿ ಇದೆ."

"ಹೌದಾ? ಇರ್ಲಿ ಬಿಡು. ಲೆಕ್ಕ ಯಾವ್ದಾದ್ರೇನು, ಏರಿದ್ರೆ ಸಾಕು" ಎಂದು ಅಜ್ಜಿ ಊಟಕ್ಕೆ ಎದ್ದಳು. ಅವತ್ತು ಯಾರೂ ಹೇಳದೆಯೇ ಎರಡನೇ ಸಲ ಅನ್ನ ಹಾಕಿಸಿಕೊಂಡಳು.

ಮಾರನೇ ದಿನ ಹಾಫ್ ಟಿಕೆಟ್ ಹಲಗೆ ಹತ್ತಿದ್ದು ಆಟಕ್ಕಲ್ಲ. ಅಂಕ ಮತ್ತೆ ಕೆಳಗಿಳಿದರೆ ಅಜ್ಜಿಯ ಮುಖವೂ ಇಳಿಯುತ್ತದಲ್ಲ ಎಂಬ ಹೆದರಿಕೆಗೆ. ಶುಕ್ರವಾರವೂ ಹತ್ತಿದಳು, ಶನಿವಾರವೂ, ಭಾನುವಾರವೂ. ಅಜ್ಜಿ ಮಲಗುವುದನ್ನೇ ಕಾಯುವುದು, ಹತ್ತುವುದು, ಇಳಿಯುವುದು. ನಿಜ ಹೇಳಬೇಕೆಂದರೆ ಅದರಲ್ಲಿ ಒಂದಿಷ್ಟೂ ಮಜಾ ಇರಲಿಲ್ಲ.

ಸೋಮವಾರ ಮೇಡಂ ಫೋನ್ ಮಾಡಿದರು. ಅಮ್ಮ ಸ್ಪೀಕರ್ ಹಾಕಿದಳು.

"ಶಭಾಷ್ ಅಮ್ಮಾ! ಅರವತ್ತಮೂರು ದಾಟಿದೆ. ನಾಳೆಯಿಂದ ದಿನಕ್ಕೊಂದು ಸಲ ಮೆಟ್ಟಿಲು ಇಳೀಬಹುದು ನೀವು. ಕಂಬಿ ಮಾತ್ರ ಬಿಡಬೇಡಿ."

ಅಜ್ಜಿ ಆ ಕ್ಷಣವೇ ಮಂಚದ ಕೆಳಗಿನಿಂದ ಶೂ ತೆಗೆಸಿದಳು. ಹಾಫ್ ಟಿಕೆಟ್ ಹೇಳಿಬಿಡಲೇ ಎಂದು ಬಾಯಿ ತೆರೆದಳು. ಅಜ್ಜಿ ಶೂ ಒರೆಸುತ್ತಾ ಹಾಡು ಗುನುಗುತ್ತಿದ್ದಳು. ಬಾಯಿ ತಾನಾಗಿ ಮುಚ್ಚಿಕೊಂಡಿತು.

ಮಂಗಳವಾರ ಸರಿಯಾಗಿ ನಾಲ್ಕೂವರೆಗೆ ಅಜ್ಜಿ ಬಾಗಿಲು ತೆಗೆದಳು.

"ನಾನೂ ಬರ್ತೀನಿ ಅಜ್ಜಿ."

"ಬರಕೂಡದು. ಇಲ್ಲೇ ಬಾಗಿಲಲ್ಲಿ ನಿಂತ್ಕೊ. ಕೆಳಗೆ ಹೋಗಿ ಕೈ ಬೀಸ್ತೀನಿ, ಕಿಟಕಿಯಿಂದ ನೋಡು. ರೈಟ್, ರೈಟ್!"

ಅಜ್ಜಿ ಕಂಬಿ ಹಿಡಿದು ಇಳಿಯತೊಡಗಿದಳು. ಒಂದು ಮೆಟ್ಟಿಲಿಗೆ ಎರಡೂ ಕಾಲು. ಮತ್ತೊಂದು ಮೆಟ್ಟಿಲು, ಮತ್ತೆ ಎರಡೂ ಕಾಲು. ಹಾಫ್ ಟಿಕೆಟ್ ಚಪ್ಪಲಿ ಬಿಟ್ಟು, ಸದ್ದಾಗದಂತೆ ಹಿಂದೆಯೇ ಹೊರಟಳು. ಒಂಬತ್ತು ಮೆಟ್ಟಿಲು ಮುಗಿದವು. ಅಲ್ಲಿ ತಿರುವು. ತಿರುವಿನಲ್ಲಿ ಕಂಬಿ ಮುಗಿದು, ಎರಡು ಹೆಜ್ಜೆ ಆಚೆಗೆ ಇನ್ನೊಂದು ಕಂಬಿ ಶುರುವಾಗುತ್ತಿತ್ತು.

ಆ ಎರಡು ಹೆಜ್ಜೆಗೆ ಅಜ್ಜಿ ಕೈ ಬಿಟ್ಟಳು. ತಿರುಗಿದಳು. ಎಡಗಾಲು ಒಂದು ಕಡೆ, ಮೈ ಇನ್ನೊಂದು ಕಡೆ. ಕೈ ಗಾಳಿಯಲ್ಲಿ ಕಂಬಿಗಾಗಿ ತಡಕಾಡಿತು.

"ಅಜ್ಜೀ!"

ಹಾಫ್ ಟಿಕೆಟ್ ಮೂರು ಮೆಟ್ಟಿಲು ಒಂದೇ ಸಲಕ್ಕೆ ಹಾರಿ ಅಜ್ಜಿಯ ಸೊಂಟವನ್ನು ಹಿಂದಿನಿಂದ ಅಪ್ಪಿ ಹಿಡಿದಳು. ಅಷ್ಟು ಭಾರವನ್ನು ಅವಳೆಲ್ಲಿ ತಡೆಯುತ್ತಾಳೆ? ಇಬ್ಬರೂ ಹಿಂದಿನ ಮೆಟ್ಟಿಲ ಮೇಲೆ ಧೊಪ್ಪೆಂದು ಕುಳಿತರು.

ಮೂಳೆ ಮುರಿಯಲಿಲ್ಲ. ಅಜ್ಜಿ ಮಣಿಕಟ್ಟು ಅಲ್ಲಾಡಿಸಿ ನೋಡಿದಳು, ಮಂಡಿ ಮುಟ್ಟಿ ನೋಡಿದಳು. ಎಲ್ಲ ಸರಿಯಿತ್ತು. ಆದರೆ ಏಳಲಿಲ್ಲ. ಹಾಫ್ ಟಿಕೆಟ್ ಹಿಡಿದ ಕೈ ಬಿಟ್ಟಿರಲಿಲ್ಲ.

"ನಂಗೇನೋ ಆಗಿದೆ ಕಣೇ" ಎಂದಳು ಅಜ್ಜಿ. ದನಿ ಸಣ್ಣಗಿತ್ತು. "ಬಾಗಿಲು ದಾಟೋವಾಗ್ಲೇ ಕಾಲು ಬೇಡ ಬೇಡ ಅಂತು. ಮೆಷಿನ್ ಆಗುತ್ತೆ ಅಂದಿದೆಯಲ್ಲ, ನಿಂದೇನು ತಕರಾರು ಅಂತ ಅದರ ಬಾಯಿ ಮುಚ್ಚಿಸ್ದೆ. ಮೆಷಿನ್ ಸುಳ್ಳು ಹೇಳಲ್ಲ ಅಲ್ವಾ? ಅಂದ್ಮೇಲೆ ನನ್ನ ತಲೇನೇ ಕೆಟ್ಟಿರ್ಬೇಕು. ನನ್ನ ಕಾಲು ಏನು ಹೇಳ್ತಿದೆ ಅಂತ ನಂಗೇ ಗೊತ್ತಾಗ್ತಿಲ್ಲ."

ಅಜ್ಜಿಯ ಕಣ್ಣಲ್ಲಿ ನೀರಿತ್ತು. ಮಣಿಕಟ್ಟು ಮುರಿದಾಗಲೂ ಅಜ್ಜಿ ಅತ್ತಿರಲಿಲ್ಲ.

"ಇಲ್ಲ ಅಜ್ಜಿ. ನಿನ್ನ ತಲೆ ಕೆಟ್ಟಿಲ್ಲ. ನಾನೇ..." ಹಾಫ್ ಟಿಕೆಟ್ ತಲೆ ತಗ್ಗಿಸಿದಳು. "ನೀನು ಮಲಗಿದಾಗ ಹಲಗೆ ಮೇಲೆ ನಾನು ಆಡ್ತಿದ್ದೆ. ನಿನ್ನ ಹೆಸರಲ್ಲಿ."

ಅಜ್ಜಿ ತಿರುಗಿ ನೋಡಿದಳು.

"ಎಷ್ಟು ದಿನ?"

"ಐದು."

"ನಂದು ಎಷ್ಟು ಮತ್ತೆ?"

"ನಾನು ಓದಿ ಹೇಳ್ತಿದ್ನಲ್ಲ, ಅದೇ ನಿಜ. ನಲವತ್ತನಾಲ್ಕು."

ಕೆಳಗಿನ ಮನೆಯಲ್ಲಿ ಕುಕ್ಕರ್ ಎರಡು ಸಲ ಕೂಗಿತು.

"ಬೇರೆಯವರ ಪಾಸ್ ಇಟ್ಕೊಂಡು ಬಸ್ ಹತ್ತಿದವರನ್ನ ನಾನು ಎಷ್ಟು ಜನಾನ ಕೆಳಗಿಳಿಸಿದ್ದೀನಿ ಗೊತ್ತೇನೇ ನಿಂಗೆ?" ಎಂದಳು ಅಜ್ಜಿ. "ನಡುರಸ್ತೇಲಿ ಇಳಿಸಿದ್ದೀನಿ. ಈಗ ನನ್ನನ್ನೇ ನಿನ್ನ ಪಾಸಲ್ಲಿ ಹತ್ತಿಸಿಬಿಟ್ಟೆ."

"ತಪ್ಪಾಯ್ತು ಅಜ್ಜಿ."

"ಆಯ್ತಲ್ಲ, ಆಗಿದೆ. ಸ್ವಲ್ಪ ಈ ಕಡೆ ಸರ್ಕೋ."

ಬಿದ್ದವರು ಗಡಿಬಿಡಿಯಲ್ಲಿ ಎದ್ದು ನಿಲ್ಲಬಾರದೆಂದು ಮೇಡಂ ಮೊದಲೇ ಕಲಿಸಿದ್ದರು. ಅಜ್ಜಿ ಕೂತಲ್ಲೇ ಎರಡೂ ಕೈಯನ್ನು ಹಿಂದಿನ ಮೆಟ್ಟಿಲ ಮೇಲೆ ಊರಿ, ಮೈಯನ್ನು ಎತ್ತಿ, ಹಿಂದಕ್ಕೆ ಕೂತಳು. ಹಾಗೇ ಒಂದೊಂದಾಗಿ ಮೆಟ್ಟಿಲು ಹತ್ತಿದಳು. ಹಾಫ್ ಟಿಕೆಟ್ ಒಂದು ಮೆಟ್ಟಿಲು ಕೆಳಗೆ, ಎರಡೂ ಕೈ ಚಾಚಿಕೊಂಡು ಬಂದಳು. ಮೇಲೆ ತಲುಪಲು ಕಾಲು ಗಂಟೆ ಹಿಡಿಯಿತು.

ಸಂಜೆ ಅಮ್ಮ ಬಂದಾಗ ಅಜ್ಜಿ ಹೇಳಿದ್ದು ಇಷ್ಟೇ: "ಇವಳದ್ದು ಏನೋ ಇದೆಯಂತೆ. ಅವಳೇ ಹೇಳ್ಲಿ."

ಹೇಳಿದಳು. ಅಮ್ಮ ಕೂಗಾಡಿದಳು. "ಬಿದ್ದು ಸೊಂಟ ಮುರ್ಕೊಂಡಿದ್ರೆ ಏನೇ ಮಾಡ್ತಿದ್ದೆ?" ಎಂದು ಮೂರು ಸಲ ಕೇಳಿದಳು. ಆಮೇಲೆ ಮೇಡಂಗೆ ಫೋನ್ ಮಾಡಿ, ಮಾತಾಡು ಎಂದು ಅವಳ ಕೈಗೇ ಕೊಟ್ಟಳು.

ಮೇಡಂ ಪೂರ್ತಿ ಕೇಳಿಸಿಕೊಂಡರು. ಕೀಲಿಮಣೆ ಟಕಟಕ ಸದ್ದು ಮಾಡಿತು.

"ಒಂದೇ ದಿನ ನಲವತ್ತಮೂರು, ಆಮೇಲೆ ತೊಂಬತ್ತೈದು. ಇದನ್ನ ನಾನು ನೋಡಬೇಕಿತ್ತು. ಸರಾಸರಿ ಮಾತ್ರ ನೋಡ್ಬಿಟ್ಟೆ, ನಂದೂ ತಪ್ಪಿದೆ. ಈಗ ನಿಂದನ್ನೆಲ್ಲ ತೆಗೆದುಹಾಕ್ತಿದ್ದೀನಿ. ಟ್ಯಾಬಲ್ಲಿ ನೋಡು, ಉಳಿದದ್ದು ನಿಮ್ಮಜ್ಜೀದು."

ಹಾಫ್ ಟಿಕೆಟ್ ನೋಡಿದಳು. ದಿನದಿನದ ಅಂಕ ತೋರಿಸುವ ಚಿತ್ರದಲ್ಲಿ ಎತ್ತರದ ಐದು ಗೆರೆಗಳು ಒಂದೊಂದಾಗಿ ಮಾಯವಾದವು. ಉಳಿದವು ಗಿಡ್ಡ ಗಿಡ್ಡ ಗೆರೆಗಳು. ನಲವತ್ತು. ನಲವತ್ತೊಂದು. ನಲವತ್ತೊಂದು. ನಲವತ್ತಮೂರು. ನಲವತ್ತಮೂರು. ನಲವತ್ತನಾಲ್ಕು. ನಲವತ್ತನಾಲ್ಕು.

ಅಜ್ಜಿ ಏರುತ್ತಲೇ ಇದ್ದಳು. ಹಾಫ್ ಟಿಕೆಟ್ ಅದನ್ನು ಗಮನಿಸಿಯೇ ಇರಲಿಲ್ಲ.

ಮೆಟ್ಟಿಲಿನ ಅನುಮತಿ ರದ್ದಾಯಿತು. ಇನ್ನೂ ಆರು ವಾರ ಹಲಗೆ. ಎರಡು ದಿನ ಅಜ್ಜಿ ಅವಳ ಜೊತೆ ಎಷ್ಟು ಬೇಕೋ ಅಷ್ಟೇ ಮಾತಾಡಿದಳು. ಹಾಫ್ ಟಿಕೆಟ್ ಎನ್ನದೆ ಅವಳ ನಿಜವಾದ ಹೆಸರು ಹಿಡಿದು ಕರೆದಳು. ಅದು ಬೈಗುಳಕ್ಕಿಂತ ಕಷ್ಟವಾಗಿತ್ತು. ಮೂರನೇ ದಿನ ಅಜ್ಜಿಗೇ ಬೇಜಾರಾಗಿ ಬಿಟ್ಟುಬಿಟ್ಟಳು. ಅಂಕ ನಲವತ್ತಾರಾಯಿತು, ನಲವತ್ತೇಳಾಯಿತು. ಹದಿನೈದು ದಿನದಲ್ಲಿ ನಲವತ್ತೊಂಬತ್ತನ್ನು ಮುಟ್ಟಿತು.

ಮರುದಿನ ಶನಿವಾರ. ಅಜ್ಜಿ ಬಂಡೆ ಮೇಲೆ ಬಂಡೆಗೆ ಗುದ್ದಿದಳು. ಕುರ್ಚಿ ಹಿಡಿದು ಇಳಿದು, ಉಸ್ಸೆಂದು ಕೂತಳು.

"ಎಷ್ಟು?"

ಹಾಫ್ ಟಿಕೆಟ್ ಪರದೆ ನೋಡಿದಳು. ಅಜ್ಜಿಯ ಕನ್ನಡಕ ಮೇಜಿನ ಮೇಲಿತ್ತು. ಏನು ಹೇಳಿದರೂ ಅಜ್ಜಿ ನಂಬುತ್ತಿದ್ದಳು.

"ನಲವತ್ತೈದು" ಎಂದಳು. "ನಿನ್ನೆಗಿಂತ ನಾಲ್ಕು ಕಮ್ಮಿ ಅಜ್ಜಿ."

ಅಜ್ಜಿ ತೊಡೆ ತಟ್ಟಿದಳು.

"ಹಾಗ್ ಹೇಳು! ಬೆಳಿಗ್ಗೆಯಿಂದ ಈ ಬಲಗಾಲು ಸರಿಯಿಲ್ಲ ಕಣೇ. ಎದ್ದಾಗ್ಲೇ ಅಂದ್ಕೊಂಡೆ, ಇವತ್ತು ಇದು ಕೈ ಕೊಡುತ್ತೆ ಅಂತ. ನೋಡ್ದಾ, ನನ್ನ ಕಾಲು ಹೇಳಿದ್ದೇ ಸರಿ!"

ಅಂಕ ಕಮ್ಮಿಯಾದದ್ದಕ್ಕೆ ಇಷ್ಟು ನಕ್ಕವರನ್ನು ಹಾಫ್ ಟಿಕೆಟ್ ನೋಡಿರಲಿಲ್ಲ. ಅರವತ್ತಮೂರು ಬಂದ ದಿನವೂ ಅಜ್ಜಿ ಹೀಗೆ ನಕ್ಕಿರಲಿಲ್ಲ. ಅವಳು ಸ್ವಲ್ಪ ಹೊತ್ತು ಆ ಮುಖವನ್ನೇ ನೋಡಿದಳು. ಆಮೇಲೆ ನೆಲದ ಮೇಲೆ ಕೂತು, ಅಜ್ಜಿಯ ಬಲಗಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು.

"ಎಲ್ಲಿ ನೋವು? ಇಲ್ಲೇನಾ?"

"ಇನ್ನೂ ಸ್ವಲ್ಪ ಕೆಳಗೆ" ಎಂದಳು ಅಜ್ಜಿ. "ಹಾಂ, ಅಲ್ಲೇ."