ರೆಮಿಯ ಎಡ ಮೊಣಕಾಲು

"ನಿಮ್ಮ ಫ್ರಾನ್ಸಿನಲ್ಲಿ ನಾಚಿಕೆ ಅನ್ನುವ ವಸ್ತು ಸಿಗುವುದಿಲ್ವಾ ರೆಮಿ? ಯಾವ ಮುಖ ಹೊತ್ತುಕೊಂಡು ಇಲ್ಲಿಗೆ ಬಂದೆ?"

"ಅಕ್ಷಿ, ಒಂದು ನಿಮಿಷ..."

"ಅಕ್ಷಿ ಅನ್ನಬೇಡ! ಆ ಹೆಸರು ಸತ್ತು ಎಂಟು ತಿಂಗಳಾಯಿತು. ಟೋಕನ್ ತೆಗೆದುಕೊಂಡಿದ್ದೀಯಾ? ಇಲ್ಲದಿದ್ದರೆ ನಡಿ ಹೊರಗೆ!"

"ತೆಗೆದುಕೊಂಡಿದ್ದೇನೆ. ಹದಿನೇಳು."

"ಹದಿನಾರು ನಾನು," ಎಂದಿತು ಮಂಚದ ಮೇಲೆ ಬೋರಲು ಬಿದ್ದಿದ್ದ ದೇಹ. ದುಬೈಯ ದೇರಾದಲ್ಲಿ ಮಸಾಲೆ ವ್ಯಾಪಾರ ಮಾಡುವ ಅಲಿಯಬ್ಬ. "ಮಗಳೇ, ಜಗಳ ಎಷ್ಟು ಬೇಕಾದರೂ ಮಾಡು. ಮೊದಲು ಈ ಬಿಸಿ ಚೀಲ ತೆಗೆ, ನನ್ನ ಸೊಂಟ ಕಬಾಬ್ ಆಯಿತು!"

ಅಕ್ಷಿತಾ ಚೀಲ ಕಿತ್ತು ಬಿಸಾಡಿದಳು.  

ದುಬೈಯ ಕರಾಮ ಬಡಾವಣೆಯ ಈ ಸಣ್ಣ ಕ್ಲಿನಿಕ್ಕಿಗೆ ಬರುವವರು ಸೊಂಟನೋವಿನ ಅಂಗಡಿಯವರು, ಕುತ್ತಿಗೆ ಹಿಡಿದ ಟ್ಯಾಕ್ಸಿ ಚಾಲಕರು. ಎಂಟು ತಿಂಗಳ ಹಿಂದೆ ಅಕ್ಷಿತಾ ಅಬುಧಾಬಿಯ ಒಂದು ದೊಡ್ಡ ಫುಟ್‌ಬಾಲ್ ಕ್ಲಬ್ಬಿನ ಫಿಸಿಯೋ ಆಗಿದ್ದಳು. ರೆಮಿ ಆ ಕ್ಲಬ್ಬಿನ ಡಿಫೆಂಡರ್. ಇಪ್ಪತ್ತಮೂರು ವರ್ಷ, ಮರದ ಕಂಬದಂಥ ಆಳು. ಎದುರು ತಂಡದವರು ಚೆಂಡು ತಂದರೆ ಗೋಡೆಗೆ ಬಡಿದ ಹಾಗೆ ವಾಪಸು ಹೋಗುತ್ತಿತ್ತು. ಅವನಿಗಿಂತ ಎರಡು ವರ್ಷಕ್ಕೆ ದೊಡ್ಡವಳಾದ ಅಕ್ಷಿತಾಳ ಮುಂದೆ ಮಾತ್ರ ಆ ಗೋಡೆ ಬೆಣ್ಣೆ.

ಪ್ರೀತಿಯೇ ಆಯಿತು. ಆದದ್ದು ತಪ್ಪಲ್ಲ. ಪ್ರೀತಿಗಾಗಿ ಅವಳು ಮಾಡಿದ ಒಂದು ಕೆಲಸ ತಪ್ಪು.

ಫೈನಲಿನ ದಿನ ಬೆಳಿಗ್ಗೆ ಅವನ ಎಡ ಮೊಣಕಾಲು ಊದಿತ್ತು. "ಇವತ್ತು ಆಡಬೇಡ," ಎಂದಳು. ಅವನು ಅವಳ ಕೈ ಹಿಡಿದ. "ಆಡುವುದಿಲ್ಲ. ಆದರೆ ಹಾಳೆಯಲ್ಲಿ ಬರೆಯಬೇಡ ಅಕ್ಷಿ. ಫ್ರಾನ್ಸಿನ ರಾಷ್ಟ್ರೀಯ ತಂಡದ ಆಯ್ಕೆ ಹತ್ತಿರವಿದೆ. ಗಾಯ ಅಂತ ಹಾಳೆಗೆ ಬಿದ್ದರೆ ನನ್ನ ಹೆಸರು ಹೋಗುತ್ತದೆ. ಕೋಚಿಗೆ ನಾನೇ ಹೇಳುತ್ತೇನೆ."

ಆಟಗಾರ ಆಡಬಹುದೋ ಬಾರದೋ ಎಂದು ಪಂದ್ಯಕ್ಕೆ ಮೊದಲು ಬರೆದಿಡುವುದು ಫಿಸಿಯೋ ಧರ್ಮ. ಅವಳು ಅವನಿಗಾಗಿ ಆ ಜಾಗ ಖಾಲಿ ಬಿಟ್ಟಳು.

ಅವನು ಕೋಚಿಗೆ ಏನೂ ಹೇಳಲಿಲ್ಲ. ಅಂಗಳಕ್ಕಿಳಿದ! ಇಪ್ಪತ್ತನೇ ನಿಮಿಷಕ್ಕೆ ಕುಸಿದ. ಆಮೇಲೆ ಆಸ್ಪತ್ರೆಯ ಮಂಚದಿಂದ ಮ್ಯಾನೇಜರಿಗೆ ಹೇಳಿದ್ದೇನು ಗೊತ್ತೇ? "ಅಕ್ಷಿತಾಳೇ ಆಡಬಹುದು ಅಂದಳು."

ಒಂದೇ ವಾರದಲ್ಲಿ ಅವಳ ಕೆಲಸ ಹೋಯಿತು, ವೀಸಾ ಹೋಯಿತು. 'ಆಟಗಾರನ ಕಾಲು ಮುರಿಸಿದವಳು' ಎಂಬ ಹೆಸರು ಮಾತ್ರ ಉಳಿಯಿತು. ಈ ಕ್ಲಿನಿಕ್ಕು ಸಿಗದಿದ್ದರೆ ಅವಳು ಸೂಟ್‌ಕೇಸ್ ಎಳೆದುಕೊಂಡು ಉಡುಪಿಗೆ ಹೋಗಬೇಕಿತ್ತು.

ಅಲಿಯಬ್ಬ ಅಂಗಿ ಹಾಕಿಕೊಂಡು ಹೊರಟರು. ಬಾಗಿಲಲ್ಲಿ ರೆಮಿಯ ಭುಜ ತಟ್ಟಿ, "ಕ್ಷಮೆ ಕೇಳು ಹಬೀಬಿ, ಬೇಗ ಕೇಳು," ಎಂದು ಹೋದರು.

"ಯಾಕೆ ಬಂದೆ?"

"ಫ್ರಾನ್ಸಿನ ದೊಡ್ಡ ಕ್ಲಬ್ಬು ನನ್ನನ್ನು ಕೇಳಿದೆ. ಗಾಯವಾದಾಗ ನೋಡಿಕೊಂಡ ಫಿಸಿಯೋ ಈಗ ಪುನಃ ಪರೀಕ್ಷೆ ಮಾಡಿ ಬರೆದ ಪತ್ರ ಬೇಕಂತೆ. ಶುಕ್ರವಾರ ಕೊನೆಯ ದಿನ." ಅವನು ತಲೆ ತಗ್ಗಿಸಿದ. "ನಿನ್ನ ಸಹಿ ಬೇಕು."

ಅಕ್ಷಿತಾ ನಕ್ಕಳು. ಎಂಟು ತಿಂಗಳ ನಂತರದ ನಗು!

'ಬಂದೆಯಾ ಮಗನೇ... ನಿನ್ನ ಜುಟ್ಟು ನನ್ನ ಕೈಗೇ ಬಂತಲ್ಲ!'

"ಅಬುಧಾಬಿಗೆ ಹೋಗು. ಕೋಚ್, ಮ್ಯಾನೇಜರ್, ಹುಡುಗರು ಎಲ್ಲರೂ ಇರುವಾಗ 'ಸುಳ್ಳು ಹೇಳಿದ್ದು ನಾನು' ಅನ್ನು. ಅದನ್ನು ವಿಡಿಯೋ ಮಾಡಿ ಲೋಕಕ್ಕೆಲ್ಲ ಹಾಕು. ಆಮೇಲೆ ಗುರುವಾರ ಬಾ."

"ಸಹಿ ಹಾಕುತ್ತೀಯಾ?"

"ಹಾಕುತ್ತೇನೆ. ಸಂತೋಷದಿಂದ."

ಅವನು ಎದ್ದು ಹೋಗುವಾಗ ಅವಳು ನೋಡುತ್ತಿದ್ದದ್ದು ಅವನ ಮುಖವನ್ನಲ್ಲ, ನಡಿಗೆಯನ್ನು. ಎಡಗಾಲು ನೆಲ ಮುಟ್ಟಿದ ಕೂಡಲೇ ಬಲಗಾಲು ಅವಸರದಿಂದ ಮುಂದೆ ಬರುತ್ತಿತ್ತು.

'ಮೊಣಕಾಲು ಇನ್ನೂ ವಾಸಿಯಾಗಿಲ್ಲ! ಒಂದೇ ಒಂದು ಪಂದ್ಯ... ಶಾಶ್ವತವಾಗಿ ಹೋಗುತ್ತದೆ.'

ಅವಳು ಯಾರಿಗೂ ಹೇಳಲಿಲ್ಲ. ಊರಿನಿಂದ ಬಂದು ಅವಳ ಜೊತೆಗಿದ್ದ ಅಮ್ಮ ಚಂದ್ರಮತಿಗೆ ಮಾತ್ರ ಆ ಸಂಜೆ ಊಟಕ್ಕೆ ಕೂತಾಗ ಹೇಳಿದಳು. ಚಂದ್ರಮತಿ ಮೀನು ಸಾರಿನ ಸೌಟು ಹಿಡಿದು ಅಲ್ಲೇ ನಿಂತರು.

"ಎಂತ? ಕಾಲು ಸರಿ ಇಲ್ಲ ಅಂತ ಗೊತ್ತಿದ್ದೇ ಸರಿ ಇದೆ ಅಂತ ಬರೆಯುವುದಾ?"

"ಅವನೇ ಕೇಳಿದ್ದಲ್ವಾ ಅಮ್ಮ. ಕೇಳಿದ್ದು ಕೊಡ್ತೇನೆ. ಅವನ ಊರಿನವರ ಎದುರೇ ಬೀಳಲಿ."

"ಬರೆ ಮಾರಾಯ್ತಿ! ನಿನ್ನ ಬಗ್ಗೆ ಊರಲ್ಲಿ ಎಷ್ಟು ಜನ ಎಂತೆಂತ ಮಾತಾಡಿದ್ರು. ಬೀಳಲಿ ಬೇವರ್ಸಿ!" ಸಾರು ಬಡಿಸಿ, ಮಗಳ ತಟ್ಟೆ ನೋಡಿ ಕೇಳಿದರು, "ಮತ್ತೆ ನೀನ್ಯಾಕೆ ಊಟ ಮಾಡುದಿಲ್ಲ?"

ಅಕ್ಷಿತಾ ಮೀನಿನ ತುಂಡನ್ನು ತಟ್ಟೆಯ ಬದಿಗೆ ಸರಿಸಿದಳು.

ಬುಧವಾರ ವಿಡಿಯೋ ಬಂತು. ರೆಮಿ ನಿಂತಿದ್ದ. ಹಿಂದೆ ಇಡೀ ತಂಡ. "ಅವಳು ಬೇಡ ಅಂದಳು. ನಾನು ಆಡಿದೆ. ನಂತರ ಹೇಡಿಯ ಹಾಗೆ ಅವಳ ಹೆಸರು ಹೇಳಿದೆ." ಕ್ಲಬ್ಬು ಅವನನ್ನು ತಂಡದಿಂದ ತೆಗೆಯಿತು. ವಿಡಿಯೋದ ಕೆಳಗೆ ಬೈಗುಳಗಳ ಮಳೆ.

ಅವಳು ಅದನ್ನು ಹನ್ನೊಂದು ಸಲ ನೋಡಿದಳು. ಹಳೆಯ ಮ್ಯಾನೇಜರ್ ಫೋನ್ ಮಾಡಿ ವಾಪಸು ಬಾ ಎಂದ. "ನಾನೇನು ಬೂಟಾ, ಬಿಚ್ಚಿ ಬಿಸಾಡಿ ಮತ್ತೆ ಹಾಕಿಕೊಳ್ಳಲಿಕ್ಕೆ?" ಎಂದು ಫೋನಿಟ್ಟಳು.

ಅರ್ಧ ಸೇಡು ಆಯಿತು. ಇನ್ನರ್ಧ ಗುರುವಾರಕ್ಕೆ!

ಗುರುವಾರ ಹನ್ನೊಂದು ಗಂಟೆಗೆ ಅವನು ಮಂಚದ ಮೇಲೆ ಮಲಗಿದ. ಅವಳು ಮೊಣಕಾಲು ಹಿಡಿದಳು. ಅದರ ಒಂದೊಂದು ಎಲುಬೂ ಅವಳ ಬೆರಳಿಗೆ ಗೊತ್ತು. ಮಡಚಿದಳು.

"ನೋವಿದೆಯಾ?"

"ಇಲ್ಲ."

ಇನ್ನಷ್ಟು ಮಡಚಿದಳು. ಅವನ ಹಣೆಯಲ್ಲಿ ಬೆವರೊಡೆಯಿತು, ಮುಖ ಮಾತ್ರ ಕಲ್ಲು. ಡಿಫೆಂಡರ್ ನೋವು ತೋರಿಸಬಾರದು. ತೋರಿಸಿದರೆ ಎದುರಾಳಿ ಆ ಕಾಲಿನ ಕಡೆಯಿಂದಲೇ ನುಗ್ಗುತ್ತಾನೆ. ಹತ್ತು ವರ್ಷದವನಿದ್ದಾಗಲೇ ಅವನು ಕಲಿತ ಮೊದಲ ಪಾಠ ಅದು.

"ಈಗ?"

"ಇಲ್ಲ."

'ಸರಿ. ನಿನ್ನ ಬಾಯಿಂದಲೇ ಬಂತು.' ಅವಳು ಮೇಜಿಗೆ ಹೋಗಿ ಪತ್ರ ಎಳೆದುಕೊಂಡಳು. ಪೆನ್ನಿನ ಮೊನೆ ಕಾಗದ ಮುಟ್ಟಿತು...

"ಅಕ್ಷಿ... ನಿಲ್ಲಿಸು. ನೋವಿದೆ."

ಪೆನ್ನು ನಿಂತಿತು.

"ಮೆಟ್ಟಿಲಿಳಿಯುವಾಗ ಇದೆ. ತಿರುಗುವಾಗ ಇದೆ. ಮಲಗಿದರೂ ಇದೆ. ಯಾರಿಗೂ ಹೇಳಿಲ್ಲ."

"ಬಾಯಿ ಮುಚ್ಚಿಕೊಂಡಿರಬಾರದಿತ್ತಾ?" ಅವಳು ಕಿರುಚಿದಳು. "ಇನ್ನೊಂದು ಕ್ಷಣ ಸುಮ್ಮನಿದ್ದಿದ್ದರೆ ಸಹಿ ಬೀಳುತ್ತಿತ್ತು! ಯಾಕೆ ಹೇಳಿದೆ?"

"ನನ್ನ ಸುಳ್ಳಿನ ಕೆಳಗೆ ಮತ್ತೊಮ್ಮೆ ನಿನ್ನ ಹೆಸರು ಬೇಡ. ಫ್ರಾನ್ಸ್ ಹೋದರೆ ಹೋಗಲಿ."

ಅಕ್ಷಿತಾ ಪೆನ್ನು ಮೇಜಿನ ಮೇಲೆ ಎಸೆದಳು. ಸ್ಟೂಲು ಎಳೆದು ಅವನ ಎದುರು ಕೂತಳು. ಸೇಡಿನ ಉರಿಯಲ್ಲಿ ಎಂಟು ತಿಂಗಳು ಬದುಕಿದವಳು. ಈ ದರಿದ್ರ ಹುಡುಗ ಅದಕ್ಕೂ ನೀರು ಸುರಿದನಲ್ಲ!

"ನನಗೆ ಗೊತ್ತಿತ್ತು ರೆಮಿ."

"ಏನು?"

"ನಿನ್ನ ಕಾಲು ಸರಿಯಿಲ್ಲ ಅಂತ. ಸೋಮವಾರ ನೀನು ಬಾಗಿಲು ದಾಟಿ ಹೋಗುವಾಗಲೇ."

ಅವನ ಮುಖ ಬಿಳುಚಿತು. "ಗೊತ್ತಿದ್ದೂ ಸಹಿ ಹಾಕುತ್ತಿದ್ದೆಯಾ?"

"ಹಾಕುತ್ತಿದ್ದೆ. ನೀನು ಬೀಳುವುದನ್ನು ಟಿವಿಯಲ್ಲಿ ನೋಡಲು ಅಮ್ಮನ ಹತ್ತಿರ ಪಾಯಸ ಮಾಡಿಸುವವಳಿದ್ದೆ."

 ಹೊರಗೆ ಕ್ಲಿನಿಕ್ಕಿನ ರಿಸೆಪ್ಶನಿಸ್ಟ್ ಸುಸನ್ ಟೋಕನ್ ಕರೆಯುವುದು ಕೇಳುತ್ತಿತ್ತು.

"ಪರವಾಗಿಲ್ಲ," ಎಂದ ಅವನು ಕೊನೆಗೆ. "ಈಗ ಲೆಕ್ಕ ಸಮ ಆಯಿತು. ಇನ್ನು ಮೊದಲಿನಿಂದ ಶುರು ಮಾಡೋಣವಾ? ನಾನು ನಿನ್ನನ್ನು ಪ್ರೀತಿಸುವುದು ಒಂದು ದಿನವೂ ನಿಂತಿಲ್ಲ."

ಅವಳು ಪತ್ರದಲ್ಲಿ ನಿಜ ಬರೆದಳು. ಶಸ್ತ್ರಚಿಕಿತ್ಸೆ ಬೇಕು, ಒಂಬತ್ತು ತಿಂಗಳು ಆಟ ಬೇಡ. ಸಹಿ ಹಾಕಿದಳು. ನಂತರ ಬ್ಯಾಂಡೇಜು ತಂದು ಮೊಣಕಾಲಿಗೆ ಸುತ್ತತೊಡಗಿದಳು. ಮಗುವಿಗೆ ಬಟ್ಟೆ ಹೊದಿಸುವಂತೆ, ಮೆತ್ತಗೆ.

"ಬಿಗಿಯಾಯಿತಾ?"

"ಇಲ್ಲ."

"ನಿಜ ಹೇಳು."

"ಸ್ವಲ್ಪ."

ಅವಳು ಸಡಿಲಿಸಿದಳು.

"ನನ್ನ ಪ್ರೀತಿಯೂ ನಿಂತಿಲ್ಲ ರೆಮಿ," ಎಂದಳು, ತಲೆಯೆತ್ತದೆ. "ಆದರೆ ನೀನು ಹೆದರಿದಾಗ ನನ್ನನ್ನು ತಳ್ಳಿದೆ. ನಾನು ಸಿಟ್ಟು ಬಂದಾಗ ನಿನ್ನ ಕಾಲನ್ನೇ ಮುರಿಯಲು ಹೊರಟೆ. ನಾಳೆ ಒಂದೇ ಮನೆಯಲ್ಲಿದ್ದು ನಾವು ಹೆದರುವುದಿಲ್ವಾ, ಸಿಟ್ಟಾಗುವುದಿಲ್ವಾ? ಆಗ ಏನನ್ನು ಮುರಿದುಕೊಳ್ಳೋಣ?"

"ನನ್ನ ಕಾಲನ್ನು ಯಾರು ನೋಡಿಕೊಳ್ಳುತ್ತಾರೆ?"

"ನೀನೇ. ನೋವಾದರೆ ಹೇಳು. ಅಷ್ಟೇ ಮದ್ದು."

ಅವನ ಕೂದಲನ್ನು ಒಮ್ಮೆ ಸವರಿ, ಅವಳು ಚೀಲ ಹೆಗಲಿಗೆ ಹಾಕಿಕೊಂಡಳು. ಬಾಗಿಲು ಮುಚ್ಚಿತು.

ಚಹಾಕ್ಕೆ ಹೋಗಿರಬೇಕೆಂದು ರೆಮಿ ಕಾದ. ಹನ್ನೆರಡಾಯಿತು. ಪಕ್ಕದ ಮಸೀದಿಯಲ್ಲಿ ಬಾಂಗ್ ಕೇಳಿಸಿತು. ಮೂರು ಗಂಟೆಗೆ ಸುಸನ್ ಒಳಗೆ ಇಣುಕಿ, "ಮಂಚ ಬೇಕಿತ್ತು ಸರ್," ಎಂದಳು.

"ಅಕ್ಷಿತಾ ಎಷ್ಟು ಹೊತ್ತಿಗೆ ಬರುತ್ತಾಳೆ?"

ಸುಸನ್ ಜೇಬಿನಿಂದ ಒಂದು ಬೀಗದ ಕೈ ತೆಗೆದು ತೋರಿಸಿದಳು. "ಇನ್ನು ಇಲ್ಲಿಗೆ ಬರುವುದಿಲ್ಲ ಅಂತ ಕೋಣೆಯ ಬೀಗದ ಕೈ ನನಗೆ ಕೊಟ್ಟು ಹೋದರು ಸರ್."