ಗೋದಲಿಗೆ ತಂದ ಕಂಬಳಿ ತುಂಡು

"ಇಲ್ಲಿ ಮಕ್ಳಿಗೆ ಅಕ್ಷರ ಕಲಿಸ್ತೀರೋ, ಮನೆ ವಸ್ತು ಕತ್ತರಿಸೋದು ಕಲಿಸ್ತೀರೋ?"

ಬಾಗಿಲಲ್ಲಿ ನಿಂತವನ ದನಿಗೆ ಇಪ್ಪತ್ತೆರಡು ಮಕ್ಕಳೂ ಬಾಯಿ ಮುಚ್ಚಿದವು. ಅವನ ಕೈಯಲ್ಲಿ ಒಂದು ಕರಿ ಕಂಬಳಿ ಇತ್ತು. ಅದರ ಅಂಚಿನಲ್ಲಿ ಅಂಗೈ ಅಗಲದ ತೂತು.

ಯಶೋದಾ ಟೀಚರ್ ಕೈಯಲ್ಲಿದ್ದ ಬಣ್ಣದ ಕಾಗದ ಕೆಳಗಿಟ್ಟಳು.

"ನೀವು ಯಾರು?"

"ಜುಂಜೇಶ. ಮೇಘಶ್ರೀ ಅಪ್ಪ. ಐಮಂಗಲದ ಹತ್ರ ಹಟ್ಟಿ ನಮ್ದು. ಕೇಳಿದ್ದಕ್ಕೆ ಮಿಸ್ಸು ತಗಂಬಾ ಅಂದ್ರು ಅಂತಾಳೆ. ಹೌದೇನ್ರಿ?"

ಹೌದು. ಹೇಳಿದ್ದು ಅವಳೇ.

ಹಿರಿಯೂರಿನಲ್ಲಿ ಸಿಸ್ಟರುಗಳು ನಡೆಸುವ ಶಿಶುವಿಹಾರ ಅದು. ಡಿಸೆಂಬರ್ ಬಂದರೆ ಅಲ್ಲಿ ಕ್ರಿಸ್ಮಸ್ಸಿಗೆ ಕಾಯುವ ಆಗಮನ ಕಾಲ. ಹಸಿರು ಎಲೆಯ ಸಿಂಬಿಯ ಮೇಲೆ ನಾಲ್ಕು ಮೇಣದ ಬತ್ತಿ, ಸೋಮವಾರಕ್ಕೊಂದರಂತೆ ಹಚ್ಚುವುದು. ಪಕ್ಕದಲ್ಲಿ ದನದ ಮೇವಿನ ತೊಟ್ಟಿಯಂತೆ ಮಾಡಿ ಹುಲ್ಲು ಹಾಸಿದ ಖಾಲಿ ಗೋದಲಿ. ಬಾಲ ಯೇಸುವಿನ ಗೊಂಬೆಯನ್ನು ರಜೆಗೆ ಮುಂಚಿನ ಕಡೇ ದಿನವೇ ಅದರಲ್ಲಿ ಮಲಗಿಸುವುದು. ಅಲ್ಲಿಯವರೆಗೂ ಮಕ್ಕಳು ಕಾಯಬೇಕು. "ಪಾಪುಗೆ ಚಳಿ ಆಗದ ಹಾಗೆ ಮನೆಯಿಂದ ಬೆಚ್ಚಗಿರೋದು ಏನಾದರೂ ತನ್ನಿ" ಅಂದಿದ್ದಳು ಯಶೋದಾ. ಹತ್ತಿ, ಹಳೇ ಬನಿಯನ್ನು, ಟವೆಲ್ಲಿನ ಚೂರು ಬಂದಿದ್ದವು. ಮೇಘಶ್ರೀ ಕಂಬಳಿ ತುಂಡು ತಂದಿದ್ದಳು. ಯಶೋದಾ ಹಿಂದೆಮುಂದೆ ಕೇಳದೆ ಆ ಮಗುವಿನ ಕೈ ಮೇಲೆ ನಕ್ಷತ್ರ ಅಂಟಿಸಿ ಶಹಬ್ಬಾಸ್ ಅಂದಿದ್ದಳು.

"ನನ್ನ ಹೆಂಡ್ತಿ ನೂಲು ತೆಗೆದ ಕಂಬ್ಳಿ ಕಣ್ರಿ ಇದು," ಅವನ ದನಿ ಸಣ್ಣಗಾಯಿತು. "ಸತ್ತು ಎರಡು ವರ್ಷ. ಅವಳದು ಅಂತ ಇರೋದು ಇದೊಂದೇ."

ಯಶೋದಾ ಗೋದಲಿಯಿಂದ ತುಂಡನ್ನು ಎತ್ತಲು ಬಗ್ಗಿದಳು. ಅಷ್ಟರಲ್ಲಿ ಮೇಘಶ್ರೀ ಓಡಿಬಂದು ಹುಲ್ಲಿನ ಮೇಲೆ ಎರಡೂ ಕೈ ಊರಿದಳು.

"ತೆಗೀಬೇಡ್ರಿ ಮಿಸ್. ಅಮ್ಮಂದು ಬೆಚ್ಚಗಿರ್ತೈತೆ."

ಅವನು ಮಗಳನ್ನು ನೋಡುತ್ತಾ ನಿಂತ. ಆಮೇಲೆ ಕಂಬಳಿ ಮಡಚಿ ಹೆಗಲಿಗೆ ಹಾಕಿಕೊಂಡು, "ಇರ್ಲಿ ಬಿಡ್ರಿ" ಅಂದವನೇ ಹೊರಟುಹೋದ.

ಮಾರನೇ ದಿನದಿಂದ ಅಜ್ಜಿಯ ಬದಲು ತಾನೇ ಮಗಳನ್ನು ಬಿಟ್ಟು ಹೋಗಲು ಬಂದವನು ಕಿಟಕಿಯ ಹತ್ತಿರ ಹತ್ತು ನಿಮಿಷ ನಿಲ್ಲತೊಡಗಿದ.

ಒಂದು ದಿನ ಮಕ್ಕಳು ರಟ್ಟಿನ ಕುರಿಗಳಿಗೆ ಹತ್ತಿ ಅಂಟಿಸುತ್ತಿದ್ದವು.

"ಇವೇನ್ರಿ, ಸುಣ್ಣ ಬಳಿದಂಗವೆ? ನಮ್ಮ ಕಡೆ ಕುರಿ ಕರೀವು."

"ಹಾಗಾದರೆ ಒಳಗೆ ಬಂದು ನೀವೇ ಮಾಡಿಕೊಡಿ" ಅಂದಳು ಯಶೋದಾ, ಸ್ವಲ್ಪ ಸಿಟ್ಟಿನಿಂದಲೇ.

ಬಂದೇಬಿಟ್ಟ. ಅಷ್ಟು ದೊಡ್ಡ ಆಳು ಆ ಪುಟ್ಟ ಕುರ್ಚಿಯಲ್ಲಿ ಮುದುರಿ ಕೂತು ಇದ್ದಲಿನ ಪುಡಿ ಬಳಿದ. ಮರಿಯನ್ನು ಕರೆಯುವ ದನಿ, ಓಡಿಸುವ ದನಿ, ಎರಡನ್ನೂ ಹೇಳಿಕೊಟ್ಟ. ಅರ್ಧ ಗಂಟೆಯಲ್ಲಿ ತರಗತಿ ದೊಡ್ಡಿಯಾಯಿತು. ಸದ್ದು ಕೇಳಿ ಬಂದ ಸಿಸ್ಟರ್ ಸ್ಟೆಲ್ಲಾ ಕರಿ ಕುರಿಗಳ ಹಿಂಡು ನೋಡಿ, "ಈ ವರ್ಷ ಯೇಸು ಐಮಂಗಲದಲ್ಲೇ ಹುಟ್ಟೋ ಹಾಗೆ ಕಾಣುತ್ತೆ" ಅಂದರು.

ಯಶೋದಾ ನಕ್ಕಳು. ನಕ್ಕ ಮೇಲೆ ಅವಳಿಗೇ ಗಾಬರಿಯಾಯಿತು. ಎಷ್ಟು ದಿನವಾಗಿತ್ತು...

"ದಿನಾ ಖಾಲಿ ಗೋದಲಿ ನೋಡ್ಕೊಂಡು ಕುಂದ್ರಿಸ್ತೀರಲ್ಲ, ಮಕ್ಳಿಗೆ ಬೇಜಾರಾಗಲ್ವೇನ್ರಿ?" ಎಂದು ಕೇಳಿದ ಅವನು.

"ಬರುತ್ತೆ ಅಂತ ಗೊತ್ತಿದೆಯಲ್ಲ. ಗೊತ್ತಿದ್ದರೆ ಕಾಯೋದು ಕಷ್ಟ ಅಲ್ಲ."

ಹೇಳಿ ಮುಖ ತಿರುಗಿಸಿದಳು.

ಅವಳು ಆರು ವರ್ಷ ಕಾದಿದ್ದಳು. ಹೊಸದುರ್ಗದ ಅತ್ತೆ ಮನೆಯಲ್ಲಿ ಅವಳ ಹೊಟ್ಟೆಯನ್ನು ನೋಡದ ಕಣ್ಣಿರಲಿಲ್ಲ. ಅವಳಿಗೆ ಮಾಡಿಸದ ಪರೀಕ್ಷೆ ಇರಲಿಲ್ಲ. ಗಂಡ ಮಾತ್ರ ಒಬ್ಬ ಡಾಕ್ಟರ ಹತ್ತಿರವೂ ಹೋಗಲಿಲ್ಲ. ನೀನೂ ಹೋಗಿ ಬಾ ಎಂದು ಹೇಳುವ ಒಬ್ಬ ಮನುಷ್ಯ ಆ ಮನೆಯಲ್ಲಿರಲಿಲ್ಲ. ಕಡೆಗೆ ಕೋರ್ಟಿನಲ್ಲಿ ಬಿಡುಗಡೆ ಬರೆಸಿಕೊಂಡು, ಆರು ತಿಂಗಳಿಗೆ ಇನ್ನೊಬ್ಬಳನ್ನು ತಂದ. ಯಶೋದಾ ತಾಯಿ ಚಿತ್ತಮ್ಮನ ಜೊತೆ ತವರೂರು ತಾಳ್ಯ ಬಿಟ್ಟು ಹಿರಿಯೂರಿಗೆ ಬಂದು ಈ ಕೆಲಸಕ್ಕೆ ಸೇರಿದ್ದಳು. ಮಗು ಬರುತ್ತದೆ ಕಾಯಿರಿ ಎಂದು ಪ್ರತಿ ಡಿಸೆಂಬರಿನಲ್ಲಿ ಊರವರ ಮಕ್ಕಳಿಗೆ ಕಲಿಸುವ ಕೆಲಸ. ದೇವರಿಗೂ ಎಂಥ ಕುಚೋದ್ಯ!

ಎರಡನೇ ಬತ್ತಿ ಹಚ್ಚಿದ ವಾರದ ಶುಕ್ರವಾರ, ಮಕ್ಕಳೆಲ್ಲ ಊಟಕ್ಕೆ ಹೋದಾಗ ಜುಂಜೇಶ ಬಂದ. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದ. ಒಗೆದ ಅಂಗಿ ಹಾಕಿದ್ದ.

ಯಶೋದಾ ತನಗೇ ಗೊತ್ತಿಲ್ಲದೆ ಸೆರಗು ಸರಿಮಾಡಿಕೊಂಡಳು. 'ಏನಾಗಿದೆ ನನಗೆ?' ಎಂದು ತನ್ನನ್ನೇ ಬೈದುಕೊಂಡಳು.

"ಒಂದು ಮಾತು ಕೇಳಾಣ ಅಂತ ಬಂದೆ," ಅಂದ. "ಮೇಘಾಗೆ ತಾಯಿ ಬೇಕು. ನಿಮ್ಮನ್ನ ಭಾಳ ಹಚ್ಕೊಂಡೈತೆ. ನಿಮ್ಮ ಕತೆ ಆಯಾ ಹೇಳಿದ್ಲು, ನಿಮಗೂ ಮಕ್ಳಿಲ್ಲ. ನಮ್ಮನೆಗೆ ಬಂದ್ರೆ ಎಲ್ರಿಗೂ ಸರಿ ಹೋಗ್ತೈತೆ."

ಅವಳೊಳಗೆ ಏನೋ ಪಟ್ಟನೆ ಆರಿತು.

"ಮಗಳಿಗೆ ತಾಯಿ ಬೇಕು. ಸರಿ. ನಿಮಗೆ?"

ಅವನು ಅಂಗಿಯ ಗುಂಡಿ ತಿರುವತೊಡಗಿದ.

"ಬೇರೆಯವಳು ಬಂದರೆ ಇನ್ನೊಂದು ಹುಟ್ಟುತ್ತೆ, ಮೇಘಾಗೆ ತೊಂದರೆ. ಇವಳಾದರೆ ಆ ಭಯ ಇಲ್ಲ. ಅದಕ್ಕೇ ತಾನೆ ಬಂಜೇನ ಹುಡುಕ್ಕೊಂಡು ಬಂದಿದ್ದು?"

"ಹಂಗಲ್ರಿ..."

"ಮತ್ತೆ ಹೆಂಗೆ? ಹೇಳ್ರಿ."

ಹಟ್ಟಿಯಿಂದ ಹಟ್ಟಿಗೆ ಕೇಳುವಂತೆ ಕೂಗಬಲ್ಲ ಆಳು ಅವನು. ಆವತ್ತು ತಲೆ ತಗ್ಗಿಸಿಕೊಂಡು ಬಂದ ದಾರಿಯಲ್ಲೇ ಹೋದ.

ಸೋಮವಾರ ಮೇಘಶ್ರೀ ಬರಲಿಲ್ಲ. ಮಂಗಳವಾರವೂ ಇಲ್ಲ. ಫೋನು ಮಾಡಿದರೆ ಸ್ವಿಚ್ ಆಫ್. ಮೂರನೇ ಬತ್ತಿ ಹಚ್ಚಿದ್ದಾಯಿತು, ನಾಲ್ಕನೆಯದನ್ನೂ ಹಚ್ಚಿದ್ದಾಯಿತು. ಅಪ್ಪ ಮಗಳು ಕೂತಿದ್ದ ಆ ಪುಟ್ಟ ಕುರ್ಚಿ ಖಾಲಿಯೇ ಇತ್ತು.

"ಹೂಂ ಅಂದಿದ್ರೆ ಆಗ್ತಿತ್ತು ಕಣೆ," ಅಂದಳು ಚಿತ್ತಮ್ಮ ಮುದ್ದೆ ಕಟ್ಟುತ್ತಾ. "ನಾನು ಇನ್ನೆಷ್ಟು ದಿನ ಇರ್ತೀನಿ? ಒಂದು ಆಸರೆ ಆಗ್ತಿತ್ತು."

"ಮಗು ನೋಡ್ಕೊಳ್ಳಾ ಕೆಲ್ಸಕ್ಕೆ ಅವನ ಮನೆಗ್ಯಾಕೆ ಹೋಗ್ಲವ್ವಾ? ಇಲ್ಲೇ ಐತಲ್ಲ."

"ನಿನ್ನ ಬಾಯಿ ಸುಡ. ಉಣ್ಣು."

ಉಣ್ಣಲಿಲ್ಲ. ಒಂದು ಮನೆ ಅವಳನ್ನು ಹೊಟ್ಟೆ ಫಲಿಸಲಿಲ್ಲ ಎಂದು ಹೊರಗೆ ಹಾಕಿತು. ಇನ್ನೊಂದು ಮನೆ ಅದೇ ಕಾರಣಕ್ಕೆ ಒಳಗೆ ಕರೆಯಿತು. ಹೊಟ್ಟೆಯನ್ನು ಬಿಟ್ಟು ಯಶೋದಾ ಅನ್ನುವವಳು ಒಬ್ಬಳಿದ್ದಾಳೆ ಎಂದು ಯಾರಿಗೂ ಕಾಣಲಿಲ್ಲ. ಇನ್ನು ಮುಂದೆಯೂ ಕಾಣುವುದಿಲ್ಲ... ಅವಳಿಗೆ ಅಳು ಕೂಡ ಬರಲಿಲ್ಲ.

ಇಪ್ಪತ್ತಮೂರನೇ ತಾರೀಖು, ಕಡೇ ದಿನ. ಮಕ್ಕಳು ತಲೆಗೆ ಟವೆಲ್ ಸುತ್ತಿ ಕುರುಬರಾಗಿದ್ದವು. ಗೊಂಬೆ ಮಲಗಿಸುವ ಹೊತ್ತು. ಮಕ್ಕಳು ಉಸಿರು ಹಿಡಿದು ಟೀಚರನ್ನೇ ನೋಡುತ್ತಿದ್ದವು. ಯಶೋದಾ ಗೊಂಬೆಯನ್ನು ಎದೆಗೆ ಹಿಡಿದು ಗೋದಲಿಯ ತನಕ ಬಂದಳು. ಅಷ್ಟೇ. ಕೈ ಬಿಡಲಿಲ್ಲ.

"ಮಿಸ್, ಮಲಗ್ಸ್ರಿ" ಅಂತು ಒಂದು ಮಗು.

ಅವಳು ಗೊಂಬೆಯನ್ನು ಆಯಾ ಉಚ್ಚಂಗಮ್ಮನ ಕೈಗೆ ಕೊಟ್ಟು ಹೊರಗೆ ಓಡಿದಳು.

ಶಾಲೆಯ ಹಿಂದೆ ನಲ್ಲಿಯ ಕಟ್ಟೆ ಇತ್ತು. ಅಲ್ಲಿ ಕೂತು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಆರು ವರ್ಷದ್ದು, ಹನ್ನೊಂದು ದಿನದ್ದು, ಎಲ್ಲ ಸೇರಿಸಿ ಅತ್ತಳು.

ಎಷ್ಟೋ ಹೊತ್ತಿನ ಮೇಲೆ ಉಚ್ಚಂಗಮ್ಮ ಬಂದಳು. "ಮುಖ ತೊಳ್ಕಳವ್ವ. ಕುರಿ ಸಾಹೇಬ್ರು ಬಂದವ್ರೆ. ಸಿಸ್ಟರ್ ಇಲ್ಲಿಗೇ ಕಳಿಸ್ತಾವ್ರೆ" ಅಂದು ನಿಲ್ಲದೆ ಹೋದಳು.

ಜುಂಜೇಶ ಬಂದು ದೂರದಲ್ಲೇ ನಿಂತ. ಗಡ್ಡ ಬೆಳೆದಿತ್ತು. ಕಣ್ಣು ಒಳಗೆ ಹೋಗಿದ್ದವು.

ಯಶೋದಾ ಅವನ ಹಿಂದೆ ನೋಡಿದಳು. ಯಾರೂ ಇಲ್ಲ.

"ಮೇಘಾ ಎಲ್ಲಿ?"

"ಮೈ ತುಂಬ ಗುಳ್ಳೆ ಎದ್ದಿದ್ವು. ಅಮ್ಮ ಬಂದೈತೆ ಅಂತ ಹಟ್ಟಿ ಬಿಟ್ಟು ಯಾರೂ ಕದಲಂಗಿರ್ಲಿಲ್ಲ. ಫೋನೂ ಬ್ಯಾಡ ಅಂತ ನಮ್ಮವ್ವ ತೆಗೆದಿಟ್ಟಿದ್ಲು. ನಿನ್ನೆ ತಲೆಗೆ ನೀರು ಹಾಕಿದ್ವಿ. ಆರಾಮೈತೆ."

ಅವಳು ನಿಟ್ಟುಸಿರು ಬಿಟ್ಟಳು. "ಅದನ್ನು ಹೇಳೋಕೆ ಬಂದಿರಾ?"

"ಇಲ್ಲ. ಮೇಘಾ ಮಾತು ಬಿಡ್ರಿ. ಇವತ್ತು ನಾನು ನನ್ನ ಮಾತಿಗೆ ಬಂದಿದೀನಿ."

ಅವನು ಎರಡು ಹೆಜ್ಜೆ ಮುಂದೆ ಬಂದ.

"ಆವತ್ತು ಮಗಳ ಹೆಸರು ಮುಂದಿಟ್ಟೆ. ಹೆಂಡ್ತಿ ಸತ್ತು ಎರಡೇ ವರ್ಷ. ನನಗೆ ಬೇಕು ಅಂತ ಬಾಯಿಬಿಟ್ಟು ಹೇಳೋಕೆ ನಾಚಿಕೆ ಆತು ಕಣ್ರಿ. ಅವಳು ಹೋಗಿದ್ದೇ ಎರಡನೇ ಹೆರಿಗೇಲಿ. ಕೂಸೂ ಉಳೀಲಿಲ್ಲ. ಇನ್ನೊಬ್ಬರ ಹೊಟ್ಟೆ ಲೆಕ್ಕ ಹಾಕೋ ಮನ್ಸ ನಾನಾ?"

ಯಶೋದಾ ನಲ್ಲಿ ತಿರುಗಿಸಿ ಮುಖಕ್ಕೆ ನೀರು ಹಾಕಿಕೊಂಡಳು.

"ಇದ್ದಲು ಬಳೀವಾಗ ನೀವು ನಕ್ಕಿದ್ರಿ. ಹಟ್ಟಿಗೆ ಹೋದ್ರೂ ಅದೇ ಕೇಳ್ತಿತ್ತು. ನೀವು ನನ್ನ ಮಗಳನ್ನ ನೋಡ್ಕಳ್ದಿದ್ರೂ ಸೈ, ನೀವು ಬೇಕು. ಬ್ಯಾಡ ಅಂದ್ರೆ ಹೋಗ್ತೀನಿ. ಮೇಘಾ ಮಾತ್ರ ಶಾಲೆಗೆ ಬರ್ತಾಳೆ."

ನಲ್ಲಿ ಸೋರುತ್ತಿತ್ತು. ಅವಳು ಅದನ್ನು ತಿರುಗಿಸಿ ಬಿಗಿ ಮಾಡಿದಳು. ಹೂಂ ಅನ್ನಲು ಭಯ. ಒಂದು ಸಲ ಹೊರಗೆ ಹಾಕಿಸಿಕೊಂಡವಳಿಗೆ ಎಲ್ಲ ಹೊಸ್ತಿಲೂ ಒಂದೇ ಥರ ಕಾಣುತ್ತವೆ.

"ನಾನು ದಿನಾ ನಗೋಳಲ್ಲ," ಅಂದಳು ಕಡೆಗೆ. "ಕೆಲವು ದಿನ ಯಾರೂ ಬೇಡ ಅನ್ನಿಸುತ್ತೆ. ಬಾಗಿಲು ಹಾಕ್ಕೊಂಡು ಕೂತುಬಿಡ್ತೀನಿ."

"ಕುಂತ್ಕಳ್ರಿ. ಊಟದ ಹೊತ್ತಿಗೆ ಬಾಗ್ಲು ಬಡೀತೀನಿ."

"ತೆಗೀದಿದ್ರೆ?"

"ತಟ್ಟೆ ಮುಚ್ಚಿಟ್ಕೊಂಡು ಅಲ್ಲೇ ಹೊರಗೆ ಕುಂತಿರ್ತೀನಿ. ನಾನೂ ಉಣ್ಣಲ್ಲ."

ಯಶೋದಾ ಸೆರಗಿನಿಂದ ಕಣ್ಣು ಒರೆಸಿಕೊಂಡು ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದಳು.

"ನೀವು ಉಪವಾಸ ಇರಬೇಡ್ರಿ," ಅಂದಳು. "ನಾನು ತೆಗೀತೀನಿ."